ಹೆರಿಗೆಯಲ್ಲಿ ಗಾಯಗೊಂಡ ತಾಯಿಗೆ ಊರಿನ ಆಸರೆ

ಹೆರಿಗೆ ಬೇನೆ ದಿನಗಟ್ಟಲೆ ಎಳೆದರೆ ಕೂಸಿನ ತಲೆ ಮೂತ್ರಚೀಲವನ್ನು ಎಲುಬಿಗೆ ಒತ್ತುವುದು. ರಕ್ತ ಹರಿಯದೆ ಆ ಭಾಗ ಸತ್ತು ತೂತು ಬೀಳುವುದು. ಮೂತ್ರ ಹಗಲಿರುಳು ಸೋರುವುದು. ಇದು ಶಾಪವಲ್ಲ, ಅಂಟುರೋಗವೂ ಅಲ್ಲ. ಶಸ್ತ್ರಕ್ರಿಯೆಯಿಂದ ಬಹುಮಂದಿಗೆ ವಾಸಿಯಾಗುವುದು.

ಇಥಿಯೋಪಿಯ ದೇಶದ ಆಡಿಸ್ ಅಬಾಬದಲ್ಲಿ ವೈದ್ಯ ಹ್ಯಾಮ್ಲಿನ್ ದಂಪತಿಗಳು ೧೯೭೪ರಲ್ಲಿ ಇಂಥ ತಾಯಂದಿರಿಗಾಗಿಯೇ ಧರ್ಮಾರ್ಥ ಆಸ್ಪತ್ರೆ ತೆರೆದರು. ಚಿಕಿತ್ಸೆ ಉಚಿತ, ಗುಣವಾದವರಿಗೆ ಹೊಸ ಉಡುಪನ್ನೂ ಬಸ್ಸಿನ ಖರ್ಚನ್ನೂ ಕೊಟ್ಟು ಊರಿಗೆ ಕಳಿಸುವ ಪದ್ಧತಿ ಅಲ್ಲಿ ಬೆಳೆಯಿತು.

ಕೊಲ್ಹಾರದವರು ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು. ಆದರೆ ಪ್ರಯಾಣದ ವೆಚ್ಚ, ಜೊತೆಗಾರರ ಊಟ, ತಪ್ಪಿದ ಕೂಲಿ ಬಡವರನ್ನು ತಡೆಯುತ್ತವೆ. ರೈತಬಾಂಧವರೇ, ಸುಗ್ಗಿಯಲ್ಲಿ ಮನೆಗೊಂದು ಸೇರು ಜೋಳ ಕೂಡಿಸಿ ಈ ಭಾರ ಹೊರಿರಿ. ಯಾರಿಗಾಗಿ ಎಂಬ ಡಂಗುರ ಬೇಡ.

ಬೇನೆ ಎಳೆಯುತ್ತಿದ್ದರೆ ಕಾಯದೆ ೧೦೮ಕ್ಕೆ ಕರೆಮಾಡಿರಿ. ಆಗ ಈ ಗಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು.