ಹಳೆಯ ಕಾರಿನ ದೀಪಗಳು ಮಂಕಾಗುವುದೇಕೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರಸ್ತೆಗಳಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು ಒಂದು ಕಾಲಕ್ಕೆ ಸಾಮಾನ್ಯವಾಗಿದ್ದವು. ಪದ್ಮಿನಿಯ ತಯಾರಿಕೆ ಈ ಶತಮಾನದ ಆರಂಭದಲ್ಲಿ, ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅವುಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರನ್ನು ಹೆಚ್ಚಾಗಿ ಕಾಡುವುದು ಎಂಜಿನ್ ಅಲ್ಲ, ದೀಪಗಳು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ರಾತ್ರಿಯೂ ಓಡಾಡುವ ರಸ್ತೆಯಲ್ಲಿ ಇದು ಸಣ್ಣ ತೊಂದರೆಯಲ್ಲ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮುಂದಿನ ಕಾರಿನ ಬ್ರೇಕ್ ದೀಪ ಗೋಚರಿಸುವುದು ಎರಡು ಸೆಕೆಂಡು ತಡವಾದರೆ ಹಿಂದಿನವನು 33 ಮೀಟರ್ ಕಳೆದುಕೊಂಡಂತೆ.

ವಿದ್ಯುತ್ತಿನ ಹೋಗುವ ದಾರಿ, ಬರುವ ದಾರಿ

ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್, ಸ್ವಿಚ್, ವೈರ್‌ಗಳ ಮೂಲಕ ಬಲ್ಬಿಗೆ ಬರುತ್ತದೆ. ಅದು ಮರಳಲು ಬೇರೆ ವೈರ್ ಇರುವುದಿಲ್ಲ. ಕಾರಿನ ಕಬ್ಬಿಣದ ಮೈಯೇ ಮರಳುವ ದಾರಿ. ಇದಕ್ಕೆ ಮೆಕ್ಯಾನಿಕ್‌ಗಳು ಅರ್ಥಿಂಗ್ ಎನ್ನುತ್ತಾರೆ. ಬಲ್ಬಿನ ಹೋಲ್ಡರ್ ಬಾಡಿಗೆ ಗಟ್ಟಿಯಾಗಿ ತಾಗಿದ್ದರೆ ಮಾತ್ರ ಈ ದಾರಿ ತೆರೆದಿರುತ್ತದೆ. ಹಳೆಯ ಕಾರಿನಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಇದೇ. ಬೇಸಿಗೆಯಲ್ಲಿ ಸಂದುಗಳಲ್ಲಿ ಕೂತ ಎರೆಮಣ್ಣಿನ ಧೂಳು ಮಳೆಗಾಲದಲ್ಲಿ ತೇವವನ್ನು ಹಿಡಿದಿಡುತ್ತದೆ. ಸ್ಕ್ರೂ ಮತ್ತು ಹೋಲ್ಡರ್ ತುಕ್ಕು ಹಿಡಿಯುತ್ತವೆ. ಹೊಸದಾಗಿ ಬಣ್ಣ ಬಳಿಸಿದ ಕಾರಿನಲ್ಲಿ ಬಣ್ಣದ ಪದರವೇ ಅಡ್ಡ ಬರುವುದುಂಟು.

ಒಂದು ಲೆಕ್ಕ ನೋಡೋಣ. 21 ವ್ಯಾಟ್‌ನ ಬ್ರೇಕ್ ಬಲ್ಬು 12 ವೋಲ್ಟ್‌ನಲ್ಲಿ 1.75 ಆಂಪೇರ್ ವಿದ್ಯುತ್ತನ್ನು ಎಳೆಯುತ್ತದೆ. ಉರಿಯುವಾಗ ಅದರ ರೋಧ ಸುಮಾರು 7 ಓಮ್. ತುಕ್ಕು ಹಿಡಿದ ಅರ್ಥಿಂಗ್ ಕೇವಲ 2 ಓಮ್ ರೋಧ ಒಡ್ಡಿದರೂ ಬಲ್ಬಿಗೆ ಉಳಿಯುವುದು ಸುಮಾರು 9 ವೋಲ್ಟ್. ತಂತುವಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವುದರಿಂದ ವೋಲ್ಟೇಜು ಕಾಲು ಭಾಗ ಕಡಿಮೆಯಾದರೆ ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬಲ್ಬು ಎಷ್ಟು ಸಲ ಬದಲಿಸಿದರೂ ಈ ದೋಷ ಹೋಗದು.

ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡ್ ಮಿನುಗುವುದೇ?

ಹಗಲಿನಲ್ಲಿ, ದೀಪಗಳ ಸ್ವಿಚ್ ಆರಿಸಿರುವಾಗ ಬ್ರೇಕ್ ಒತ್ತಿದರೆ ಮೀಟರಿನ ದೀಪಗಳು ಸಣ್ಣಗೆ ಹೊತ್ತಿಕೊಳ್ಳುವುದನ್ನು ಕೆಲವರು ಕಂಡಿರಬಹುದು. ಇದು ವಿಚಿತ್ರವೆನಿಸಿದರೂ ಕಾರಣ ಸರಳ. ಹಿಂದಿನ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತುಗಳಿರುತ್ತವೆ: ಬ್ರೇಕಿಗೆ 21 ವ್ಯಾಟ್, ಹಿಂಬದಿ ದೀಪಕ್ಕೆ 5 ವ್ಯಾಟ್. ಎರಡಕ್ಕೂ ಅರ್ಥಿಂಗ್ ಒಂದೇ. ಅದು ಕಡಿದುಹೋದಾಗ ಬ್ರೇಕ್ ತಂತುವಿನಿಂದ ಬಂದ ವಿದ್ಯುತ್ತು ಎರಡನೆಯ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಹಿಂಬದಿ ದೀಪದ ವೈರ್ ಹಿಡಿದು, ಅದೇ ವೈರಿಗೆ ಸೇರಿದ ನಂಬರ್ ಪ್ಲೇಟ್ ಮತ್ತು ಮೀಟರ್ ದೀಪಗಳ ಮೂಲಕ ಬಾಡಿಯನ್ನು ತಲುಪುತ್ತದೆ. ಆದ್ದರಿಂದ ಇಂಥ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಹಿಂದಿನ ದೀಪದ ಹೋಲ್ಡರನ್ನು ಸ್ವಚ್ಛಗೊಳಿಸಬೇಕು.

ಪರೀಕ್ಷೆಯ ಕ್ರಮ

1. ಒಂದೇ ದೀಪ ಕೆಟ್ಟಿದೆಯೋ, ಹಲವು ಒಟ್ಟಿಗೆ ಕೆಟ್ಟಿವೆಯೋ ನೋಡಿ. ಒಂದೇ ಆದರೆ ಬಲ್ಬು, ಹೋಲ್ಡರ್ ಅಥವಾ ಅರ್ಥಿಂಗ್. ಹಲವಾದರೆ ಫ್ಯೂಸ್, ಸ್ವಿಚ್ ಅಥವಾ ಎಲ್ಲಕ್ಕೂ ಸೇರಿದ ಕೂಡುಗಂಟು.

2. ಬಲ್ಬನ್ನು ಮಲ್ಟಿಮೀಟರಿನಿಂದ ಅಳೆಯಿರಿ. ತಣ್ಣಗಿರುವ ತಂತುವಿನ ರೋಧ ಉರಿಯುವಾಗಿನ ಸುಮಾರು ಹತ್ತನೇ ಒಂದು ಭಾಗ ಮಾತ್ರ. 21 ವ್ಯಾಟ್ ಬಲ್ಬು 1 ಓಮ್‌ಗಿಂತ ಕಡಿಮೆ ತೋರಿಸಿದರೆ ಶಾರ್ಟ್ ಆಗಿದೆಯೆಂದು ಎಸೆಯಬೇಡಿ.

3. ದೀಪ ಹೊತ್ತಿಸಿ, ಮೀಟರಿನ ಒಂದು ಕಡ್ಡಿಯನ್ನು ಬಾಡಿಗೆ ಸೇರಿದ ಬ್ಯಾಟರಿ ಧ್ರುವಕ್ಕೂ ಇನ್ನೊಂದನ್ನು ಹೋಲ್ಡರಿನ ಹೊರ ಲೋಹಕ್ಕೂ ಇಡಿ. 0.2 ವೋಲ್ಟ್‌ನೊಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ; ಅರ್ಧ ವೋಲ್ಟ್ ದಾಟಿದರೆ ಕೆಟ್ಟಿದೆ. ದೀಪ ಆರಿಸಿ ಅಳೆದರೆ ವಿದ್ಯುತ್ತು ಹರಿಯದ ಕಾರಣ ದೋಷ ಅಡಗಿಯೇ ಇರುತ್ತದೆ.

4. ಅರ್ಥಿಂಗ್ ಸರಿಯಿದ್ದರೆ ಬ್ಯಾಟರಿಯಿಂದ ಹಿಂದಕ್ಕೆ ಬನ್ನಿ: ಫ್ಯೂಸಿನ ಎರಡೂ ತುದಿ, ಸ್ವಿಚ್ಚಿನ ಎರಡೂ ತುದಿ. ವೋಲ್ಟೇಜು ಎಲ್ಲಿ ಕುಸಿಯುತ್ತದೆಯೋ ದೋಷ ಅಲ್ಲಿದೆ.

ದುರಸ್ತಿಗೆ ಮೊದಲು ಬ್ಯಾಟರಿಯ ವೈರ್ ಕಳಚಿ. ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ, ಬಿಗಿಯಾಗಿ ಜೋಡಿಸಿ, ಮೇಲೆ ತೆಳುವಾಗಿ ವ್ಯಾಸಲಿನ್ ಹಚ್ಚಿದರೆ ತೇವ ತಾಗದು.

ಇಂಡಿಕೇಟರ್ ಮತ್ತು ಚಾರ್ಜಿಂಗ್ ದೀಪ

ಹಳೆಯ ಕಾರಿನ ಇಂಡಿಕೇಟರ್ ಮಿನುಗುವುದು ಫ್ಲಾಷರಿನೊಳಗಿನ ತಂತಿ ಕಾದು, ತಣಿದು ಸಂಪರ್ಕವನ್ನು ಬಿಡಿಸಿ ಕೂಡಿಸುವುದರಿಂದ. ಅದು ಕಾಯಲು ಎರಡು ಬಲ್ಬುಗಳ ಸುಮಾರು 3.5 ಆಂಪೇರ್ ಬೇಕು. ಒಂದು ಬಲ್ಬು ಸುಟ್ಟರೆ ಮಿನುಗು ನಿಧಾನವಾಗುತ್ತದೆ ಇಲ್ಲವೆ ನಿಂತೇಹೋಗುತ್ತದೆ. ಎಲ್‌ಇಡಿ ಬಲ್ಬು ಹಾಕಿದಾಗಲೂ ಹೀಗಾಗುವುದು ಇದೇ ಕಾರಣಕ್ಕೆ. ಆಗ ಎಲೆಕ್ಟ್ರಾನಿಕ್ ಫ್ಲಾಷರ್ ಬೇಕು.

ಕೆಂಪು ಚಾರ್ಜಿಂಗ್ ದೀಪದ ಒಂದು ಬದಿಯಲ್ಲಿ ಬ್ಯಾಟರಿ, ಇನ್ನೊಂದು ಬದಿಯಲ್ಲಿ ಡೈನಮೊ ಅಥವಾ ಆಲ್ಟರ್ನೇಟರ್ ಇರುತ್ತದೆ. ಎರಡೂ ಬದಿಯ ವೋಲ್ಟೇಜು ಸಮವಾದಾಗ ದೀಪ ಆರುತ್ತದೆ. ಓಡುವಾಗಲೂ ಮಂಕಾಗಿ ಉರಿದರೆ ಫ್ಯಾನ್ ಬೆಲ್ಟ್, ಬ್ರಷ್ ಮತ್ತು ಕೂಡುಗಂಟುಗಳನ್ನು ನೋಡಬೇಕು. ಕೀ ತಿರುಗಿಸಿದಾಗ ಅದು ಹೊತ್ತಲೇ ಇಲ್ಲವೆಂದು ಸಂತೋಷಪಡುವಂತಿಲ್ಲ. ಹಲವು ಆಲ್ಟರ್ನೇಟರ್‌ಗಳಿಗೆ ಮೊದಲ ವಿದ್ಯುತ್ತು ಸಿಗುವುದೇ ಈ ಬಲ್ಬಿನ ಮೂಲಕ. ಬಲ್ಬು ಸುಟ್ಟರೆ ಬ್ಯಾಟರಿ ಚಾರ್ಜ್ ಆಗದೆ ಉಳಿಯಬಹುದು.

ಫ್ಯೂಸಿನ ಜಾಗದಲ್ಲಿ ತಂತಿ ಬೇಡ

ಪದೇ ಪದೇ ಫ್ಯೂಸ್ ಹೋಗುತ್ತದೆಂದು ಆ ಜಾಗಕ್ಕೆ ತಾಮ್ರದ ತಂತಿಯನ್ನೋ ಸಿಗರೇಟ್ ಪೊಟ್ಟಣದ ಹಾಳೆಯನ್ನೋ ಸಿಕ್ಕಿಸುವ ರೂಢಿ ಅಪಾಯಕಾರಿ. ಎಲ್ಲೋ ವೈರಿನ ಹೊದಿಕೆ ಸವೆದು ಬಾಡಿಗೆ ತಾಗುತ್ತಿದೆ ಎಂದು ಫ್ಯೂಸ್ ತಿಳಿಸುತ್ತಿದೆ. ಅದನ್ನು ಕೇಳದಿದ್ದರೆ ಮುಂದೆ ಸುಡುವುದು ವೈರ್, ಆಮೇಲೆ ಕಾರು. ಹಲವು ಹಳೆಯ ಬ್ರಿಟಿಷ್ ಮಾದರಿಯ ವೈರಿಂಗ್‌ನಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರುವುದಿಲ್ಲ. ಅಲ್ಲಿ ಫ್ಯೂಸ್ ಮತ್ತು ರಿಲೇ ಸೇರಿಸಿಕೊಂಡರೆ ಸ್ವಿಚ್ಚಿನ ಮೇಲಿನ ಹೊರೆಯೂ ಇಳಿಯುತ್ತದೆ, ಬೆಳಕೂ ಹೆಚ್ಚುತ್ತದೆ.

ತಿಂಗಳಿಗೊಮ್ಮೆ ಸಂಜೆಗತ್ತಲಲ್ಲಿ ಕಾರನ್ನು ಗೋಡೆಗೆ ಬೆನ್ನಾಗಿಸಿ ನಿಲ್ಲಿಸಿ ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ ನೋಡಿರಿ. ಗೋಡೆಯ ಮೇಲೆ ಎಡ-ಬಲದ ಬೆಳಕು ಸಮವಾಗಿ ಕಾಣದಿದ್ದರೆ ಮಂಕಾದ ಕಡೆಯ ಹೋಲ್ಡರಿನಿಂದಲೇ ಪರೀಕ್ಷೆ ಆರಂಭಿಸಿ.