ಹೊಸಬರಿಗೆ ಮೊದಲ ಪ್ರಶ್ನೆ: ನಿಮ್ಮನ್ನ ಏನಂತ ಕರೀಬೇಕು?

ಪುಣೆಯ ವಾಕಡದಿಂದ ಮಾತಾಡ್ತಾ ಇದ್ದೀನಿ. ಇಲ್ಲಿಂದ ಭೂಮ್ಕರ್ ಚೌಕ ದಾಟಿದ್ರೆ ಹಿಂಜವಡಿ ಐಟಿ ಪಾರ್ಕ್. ನಮ್ಮ ಕಡೆಯಿಂದ ಓದು ಮುಗಿಸಿ ಮೊದಲ ಕೆಲಸಕ್ಕೆ ಇಲ್ಲಿಗೆ ಬರೋರು ಬಹಳ ಜನ. ಹಾಗೆ ಹೊಸದಾಗಿ ಸೇರಿದವರನ್ನ ಮೊದಲ ವಾರ ಹೇಗೆ ನೋಡ್ಕೋಬೇಕು ಅನ್ನೋದೇ ಇವತ್ತಿನ ವಿಷಯ.

ನನ್ನ ಕಥೆಯಿಂದಲೇ ಶುರು ಮಾಡ್ತೀನಿ. ನಮ್ಮನೆಯಲ್ಲಿ ಅಡ್ಡಹೆಸರು ಇಲ್ಲ, ಇನಿಷಿಯಲ್ ಮಾತ್ರ. ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರುವಾಗ ಆನ್‌ಲೈನ್ ಫಾರ್ಮ್‌ನಲ್ಲಿ ‘ಲಾಸ್ಟ್ ನೇಮ್’ ಖಾಲಿ ಬಿಡೋ ಹಾಗಿರಲಿಲ್ಲ, ಅಪ್ಪನ ಹೆಸರು ತುಂಬಿದೆ. ಐಡಿ ಕಾರ್ಡ್ ಬಂದಾಗ ನೋಡಿದ್ರೆ ಅಪ್ಪನ ಹೆಸರು ಮುಂದೆ, ನಂದು ಹಿಂದೆ. ಇಮೇಲ್‌ನಲ್ಲೂ ಹಾಗೇ. ಆಫೀಸಿನವರೆಲ್ಲ ನನ್ನನ್ನ ಅಪ್ಪನ ಹೆಸರಿಂದಲೇ ಕರೆಯೋಕೆ ಶುರು ಮಾಡಿದ್ರು! ಸರಿ ಮಾಡಿ ಅಂದ್ರೆ ‘ಟಿಕೆಟ್ ಹಾಕಿ’ ಅನ್ನೋ ಉತ್ತರ. ಎರಡು ದಿನ ಕಂಪನಿಯ ಸಾಧನೆಯ ಸ್ಲೈಡು ನೋಡಿದ್ದಾಯ್ತು. ಲ್ಯಾಪ್‌ಟಾಪ್ ಕೈಗೆ ಬಂದಿದ್ದು ಒಂಬತ್ತನೇ ದಿನ. ಊಟಕ್ಕೆ ಒಬ್ಬನೇ.

ಮೂರನೇ ವಾರ ರಾಜೀನಾಮೆ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ. ಆಗ ಪಕ್ಕದ ಟೀಮಿನ ಒಬ್ಬ ಮರಾಠಿ ಸೀನಿಯರ್ ಚಹಾ ಟಪರಿಗೆ ಕರ್ಕೊಂಡು ಹೋಗಿ, ‘ಮನೇಲಿ ನಿನ್ನನ್ನ ಏನಂತ ಕರೀತಾರೆ?’ ಅಂತ ಕೇಳಿದ್ರು. ಅಷ್ಟೇ. ಆ ಡ್ರಾಫ್ಟ್ ಕಳಿಸಲೇ ಇಲ್ಲ.

ಇದು ಬರೀ ಭಾವನೆಯ ಮಾತಲ್ಲ. ಬೆಂಗಳೂರು ಮೂಲದ ವಿಪ್ರೋ ಕಂಪನಿಯ ಬಿಪಿಒ ವಿಭಾಗದಲ್ಲಿ ಮೂವರು ಸಂಶೋಧಕರು ಇದನ್ನ ಪರೀಕ್ಷೆ ಮಾಡಿ ನೋಡಿದ್ರು. 2013ರಲ್ಲಿ ‘ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿ’ಯಲ್ಲಿ ಅದು ಪ್ರಕಟವಾಯ್ತು. ಹೊಸಬರನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಎಂದಿನ ತರಬೇತಿ ಮಾತ್ರ. ಇನ್ನೊಂದಕ್ಕೆ ಕಂಪನಿಯ ಹಿರಿಮೆ ಹೇಳಿ, ಕಂಪನಿ ಹೆಸರಿನ ಸ್ವೆಟ್‌ಶರ್ಟ್ ಕೊಟ್ರು. ಮೂರನೇ ಗುಂಪಿನವರಿಗೆ ನಿಮ್ಮ ಬಲ ಏನು, ಅದನ್ನ ಈ ಕೆಲಸಕ್ಕೆ ಹೇಗೆ ತರ್ತೀರಿ ಅಂತ ಯೋಚಿಸೋಕೆ ಬಿಟ್ಟು, ಅವರವರ ಹೆಸರಿನ ಸ್ವೆಟ್‌ಶರ್ಟೇ ಕೊಟ್ರು. ವ್ಯತ್ಯಾಸ ಬರೀ ಒಂದು ಗಂಟೆಯ ಕಾರ್ಯಕ್ರಮದ್ದು. ತಿಂಗಳುಗಳ ನಂತರ ನೋಡಿದ್ರೆ ಮೂರನೇ ಗುಂಪಿನಲ್ಲಿ ಕೆಲಸ ಬಿಟ್ಟವರು ಕಡಿಮೆ, ಅವರ ಗ್ರಾಹಕರೂ ಹೆಚ್ಚು ಖುಷಿ. ಅಂದ್ರೆ ‘ನಾವು ಯಾರು’ ಅಂತ ಹೇಳೋಕೆ ಮುಂಚೆ ‘ನೀವು ಯಾರು’ ಅಂತ ಕೇಳಬೇಕು.

ಈಗ ನನ್ನ ಟೀಮಿಗೆ ಯಾರೇ ಬಂದ್ರೂ ನಾನು ಮಾಡೋದು ಇಷ್ಟು:

1. ಹೆಸರು. ಪಿಎಫ್, ಆಧಾರ್‌ಗೆ ದಾಖಲೆಯಲ್ಲಿ ಇರೋ ಹಾಗೇ ಇರಲಿ, ಇಲ್ಲಾಂದ್ರೆ ಮುಂದೆ ತೊಂದರೆ. ಆದ್ರೆ ಇಮೇಲ್, ಚಾಟ್‌ನಲ್ಲಿ ಕಾಣೋ ಹೆಸರು ಅವರನ್ನ ಕೇಳಿಯೇ ಹಾಕಿಸ್ತೀನಿ. ಉಚ್ಚಾರಣೆಯನ್ನೂ ಕೇಳ್ಕೋತೀನಿ.

2. ಹಿಂದಿನ ದಿನ ಒಂದು ಮೆಸೇಜ್. ಯಾವ ಗೇಟು, ಯಾರಿಗೆ ಫೋನ್ ಮಾಡಬೇಕು, ಟ್ರಾಫಿಕ್‌ಗೆ ಎಷ್ಟು ಬೇಗ ಹೊರಡಬೇಕು.

3. ಲ್ಯಾಪ್‌ಟಾಪ್, ಲಾಗಿನ್. ಅವರು ಬರೋಕೆ ಮೊದಲೇ ಟಿಕೆಟ್ ನಾನೇ ಹಾಕ್ತೀನಿ.

4. ಒಬ್ಬ ಬಡ್ಡಿ. ಸಾಲದ ಬಡ್ಡಿ ಅಲ್ಲ, ಜೊತೆಗಾರ! ಮ್ಯಾನೇಜರ್ ಬೇಡ. ಆರು ತಿಂಗಳ ಹಿಂದೆ ಸೇರಿದವರಾದ್ರೆ ಒಳ್ಳೇದು, ಎಲ್ಲೆಲ್ಲಿ ಎಡವಿದ್ವಿ ಅನ್ನೋದು ಅವರಿಗಿನ್ನೂ ನೆನಪಿರುತ್ತೆ. ಮೊದಲ ವಾರದ ಊಟ ಅವರ ಜೊತೆ. ಮೇಜಿನಲ್ಲಿ ಹೊಸಬರಿಗೂ ಅರ್ಥವಾಗೋ ಭಾಷೆ. ನಾವು ನಾಲ್ಕು ಜನ ಕನ್ನಡದವರು ಸೇರಿದಾಗ ನಮಗೂ ಇದೇ ನಿಯಮ.

5. ಮೊದಲ ವಾರದಲ್ಲೇ ಒಂದು ಸಣ್ಣ ನಿಜವಾದ ಕೆಲಸ. ಸೆಟಪ್ ಡಾಕ್ಯುಮೆಂಟ್‌ನಲ್ಲಿ ಅವರಿಗೆ ಎಲ್ಲಿ ಗೊಂದಲ ಆಯ್ತೋ ಅದನ್ನ ಅವರೇ ತಿದ್ದಲಿ. ಮುಂದೆ ಬರೋರಿಗೂ ಉಪಯೋಗ.

ಸಂಬಳ ಸರಿ ಇಲ್ಲ, ಮ್ಯಾನೇಜರ್ ಕಾಟ ಅಂದ್ರೆ ಇದ್ಯಾವುದೂ ಜನರನ್ನ ಹಿಡಿದಿಡಲ್ಲ, ಅದೂ ನಿಜ. ಆದ್ರೆ ಇದಕ್ಕೆ ಬಜೆಟ್ ಬೇಡ, ಎಚ್‌ಆರ್ ಒಪ್ಪಿಗೆ ಬೇಡ. ನಾಳೆ ನಿಮ್ಮ ಪಕ್ಕದ ಸೀಟಿಗೆ ಹೊಸಬರು ಬಂದ್ರೆ ಹೆಸರು ಕೇಳಿ, ಚಹಾಕ್ಕೆ ಕರ್ಕೊಂಡು ಹೋಗಿ. ಅವರ ಡ್ರಾಫ್ಟ್‌ನಲ್ಲಿ ಏನಿದೆಯೋ ನಮಗೇನು ಗೊತ್ತು?

ಮುಂದಿನ ವಿಡಿಯೋದಲ್ಲಿ ಸಿಗೋಣ.