ನಲ್ಲಿಯ ಮೇಲಿನ ಚೀಟಿ ಏನು ಹೇಳುತ್ತದೆ?



ಮನೆ ಕಟ್ಟುವಾಗ ಸಿಮೆಂಟ್ ಯಾವುದು, ಕಬ್ಬಿಣ ಯಾವುದು ಅಂತ ನಾಲ್ಕು ಜನರನ್ನು ವಿಚಾರಿಸುತ್ತೇವೆ. ನಲ್ಲಿ, ಶವರ್, ಫ್ಲಷ್ ಟ್ಯಾಂಕ್ ಕೊಳ್ಳುವಾಗ ಮಾತ್ರ ‘ನೋಡೋಕೆ ಚೆನ್ನಾಗಿರೋದು ಕೊಡಿ’ ಎನ್ನುತ್ತೇವೆ. ಆದರೆ ಮುಂದೆ ವರ್ಷಗಟ್ಟಲೆ ಆ ಮನೆಯಲ್ಲಿ ಎಷ್ಟು ನೀರು ಖರ್ಚಾಗಬೇಕು ಎಂಬುದು ತೀರ್ಮಾನವಾಗುವುದು ಅಲ್ಲೇ.

‘ಹಸಿರು ಕಟ್ಟಡ’ ಎಂಬ ಪ್ರಮಾಣಪತ್ರದ ಬಗ್ಗೆ ನೀವು ಕೇಳಿರಬಹುದು. ಅಮೆರಿಕದಲ್ಲಿ ಆರಂಭವಾದ ‘ಲೀಡ್’ ಪ್ರಮಾಣಪತ್ರವನ್ನು ಬೆಂಗಳೂರಿನ ಅನೇಕ ಕಟ್ಟಡಗಳೂ ಪಡೆದಿವೆ. 2013ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯ ಪ್ರಕಾರ, ಹೊಸದಾಗಿ ಹಾಕುವ ಕಮೋಡ್, ಮೂತ್ರದ ಬೇಸಿನ್, ಶವರ್ ಹಾಗೂ ಮನೆಬಳಕೆಯ ವಾಷ್ ಬೇಸಿನ್ ನಲ್ಲಿಗಳಿಗೆ ‘ವಾಟರ್‌ಸೆನ್ಸ್’ ಗುರುತು ಇರಬೇಕು. ಬೇರೆ ದೇಶಗಳಲ್ಲಾದರೆ ಅದಕ್ಕೆ ಸಮನಾದ ಅಲ್ಲಿಯ ಗುರುತು ನಡೆಯುತ್ತದೆ. ಜೊತೆಗೆ, ಕಟ್ಟಡದೊಳಗಿನ ಒಟ್ಟು ನೀರಿನ ಬಳಕೆ ನಿಗದಿತ ಮಟ್ಟಕ್ಕಿಂತ ಶೇಕಡಾ 20 ಕಡಿಮೆ ಇರಬೇಕು.

ವಾಟರ್‌ಸೆನ್ಸ್ ಗುರುತು ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯದು, 2006ರಲ್ಲಿ ಆರಂಭವಾಯಿತು. ಈ ಗುರುತು ಬೇಕಾದರೆ ಫ್ಲಷ್‌ಗೆ 4.8 ಲೀಟರ್, ಶವರ್‌ಗೆ ನಿಮಿಷಕ್ಕೆ 7.6 ಲೀಟರ್, ಬೇಸಿನ್ ನಲ್ಲಿಗೆ ನಿಮಿಷಕ್ಕೆ 5.7 ಲೀಟರ್ ಮೀರಬಾರದು.

‘ನೀರು ಕಡಿಮೆಯಾದ್ರೆ ಎರಡು ಸಲ ಫ್ಲಷ್ ಮಾಡಬೇಕಾಗುತ್ತಲ್ಲ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕಾಗಿಯೇ ಕಡಿಮೆ ನೀರಿನಲ್ಲೂ ಕಮೋಡ್ ಶುಚಿಯಾಗುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಗುರುತು ಸಿಗುತ್ತದೆ. ಈ ಪರೀಕ್ಷೆ ಬೇರೆಯವರ ಕೈಯಲ್ಲಿರುತ್ತದೆ. ತಯಾರಿಸಿದವರೇ ಹೇಳಿಕೊಂಡರೆ ಸಾಲದು.

ಲೆಕ್ಕ ಹಾಕಿ ನೋಡೋಣ. ಐದು ಜನರ ಮನೆಯಲ್ಲಿ ದಿನಕ್ಕೆ 25 ಫ್ಲಷ್ ಎನ್ನೋಣ. ಹಳೆಯ 10 ಲೀಟರ್ ಟ್ಯಾಂಕಿಗೆ 250 ಲೀಟರ್ ಬೇಕು, 4.8 ಲೀಟರಿನದಕ್ಕೆ 120 ಸಾಕು. ಉಳಿದದ್ದು 130 ಲೀಟರ್. ಬೀದಿ ನಲ್ಲಿಯಿಂದ ಕೊಡ ಹೊತ್ತು ತರುವ ತಾಯಂದಿರಿಗೆ ಇದರ ಬೆಲೆ ಗೊತ್ತು.

ನಮ್ಮಲ್ಲೇನಿದೆ? ಭಾರತೀಯ ಮಾನಕ ಬ್ಯೂರೋ 2021ರಲ್ಲಿ ನೀರು ಉಳಿಸುವ ಸಾಮಾನುಗಳಿಗೆ ಐಎಸ್ 17650 ಎಂಬ ಮಾನದಂಡ ತಂದಿದೆ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನ ನೀರಿನ ಬರಗಾಲದಲ್ಲಿ ಜಲಮಂಡಳಿಯು ಅಪಾರ್ಟ್‌ಮೆಂಟ್, ಹೋಟೆಲು, ಕಚೇರಿಗಳ ನಲ್ಲಿಗಳಿಗೆ ಏರೇಟರ್ ಹಾಕಲೇಬೇಕೆಂದು ಆದೇಶಿಸಿತು. ನೀರಿಗೆ ಗಾಳಿ ಬೆರೆಸುವ ಚಿಕ್ಕ ಜಾಲರಿ ಅದು. ಹಳೆಯ ನಲ್ಲಿಗೂ ಹಾಕಬಹುದು.

ಹಾಗಾದರೆ ನಾವು ಏನು ಮಾಡಬಹುದು?

• ಡಬ್ಬದ ಮೇಲೆ ‘ನೀರು ಉಳಿತಾಯ’ ಎಂದಿದ್ದರೆ ಸಾಲದು. ಎಷ್ಟು ಲೀಟರ್ ಅಂತ ಕೇಳಿ, ಮಾನದಂಡದ ಗುರುತು ನೋಡಿ.
• ನಕ್ಷೆಯಲ್ಲಿ ಬರೆದ ಸಾಮಾನನ್ನೇ ಗುತ್ತಿಗೆದಾರರು ಹಾಕಿದ್ದಾರಾ ಅಂತ ಬಿಲ್ ನೋಡಿ ಖಚಿತಪಡಿಸಿಕೊಳ್ಳಿ.
• ಶವರನ್ನು ಒಂದು ನಿಮಿಷ ಬಕೆಟ್ಟಿಗೆ ಬಿಟ್ಟು ಅಳೆಯಿರಿ. ಬಕೆಟ್ ಸ್ನಾನ ಮಾಡುವವರು ಅದನ್ನು ಬಿಡುವುದೇ ಬೇಡ. 7.6 ಲೀಟರಿನ ಶವರಿನಲ್ಲೂ ಐದು ನಿಮಿಷಕ್ಕೆ 38 ಲೀಟರ್ ಹೋಗುತ್ತದೆ!
• ಸೋರುವ ನಲ್ಲಿಗೆ ಮೊದಲು ವಾಷರ್ ಹಾಕಿಸಿ. ನಲ್ಲಿ ಸೋರುತ್ತಿದ್ದರೆ ಯಾವ ಗುರುತಿದ್ದರೂ ಪ್ರಯೋಜನವಿಲ್ಲ.

ಹನಿ ಹನಿ ಕೂಡಿದರೆ ಹಳ್ಳ. ನಾವು ಉಳಿಸಿದ ನೀರು ಇನ್ನೊಬ್ಬರ ಕೊಡ ತುಂಬಲಿ.